ಜಾಲಿಯ ಮುಳ್ಳು, ಎರೆಯ ಕೆಸರು

ಗದಗ-ಬೆಟಗೇರಿಯಿಂದ ಡಂಬಳದ ಮೇಲೆ ಮುಂಡರಗಿಗೋ, ಶಿರಹಟ್ಟಿಯನ್ನು ಹಾಯ್ದು ಲಕ್ಷ್ಮೇಶ್ವರಕ್ಕೋ ಸೈಕಲ್ಲನ್ನೇರಿ ಹೊರಡುವವನು ತನ್ನ ಚೀಲದಲ್ಲಿ ಏನನ್ನಿರಿಸಿಕೊಳ್ಳಬೇಕೆಂಬುದನ್ನು ಅಂಗಡಿಯ ಪಟ್ಟಿಗಿಂತ ಆ ದಾರಿಯ ನೆಲವೇ ಸರಿಯಾಗಿ ನಿರ್ಣಯಿಸುತ್ತದೆ. ಕಪ್ಪತಗುಡ್ಡದ ಸುತ್ತಣ ಈ ಸೀಮೆಯಲ್ಲಿ ಸೈಕಲ್ಲಿಗೆ ಬೇಸಗೆಯಲ್ಲಿ ಜಾಲಿಯ ಮುಳ್ಳೂ ಮಳೆಗಾಲದಲ್ಲಿ ಎರೆಮಣ್ಣೂ ಬದ್ಧವೈರಿಗಳು.

1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ತ್ರಿಚಕ್ರಿಗೆ ಗಾಳಿ ತುಂಬಿದ ರಬ್ಬರಿನ ಟೈರನ್ನು ತೊಡಿಸಿದಂದಿನಿಂದ ಸವಾರಿಯ ಸುಖವೂ ಪಂಕ್ಚರಿನ ಭಯವೂ ಜೊತೆಯಾಗಿಯೇ ಬಂದಿವೆ. ಜಾಲಿಯ ಮುಳ್ಳು ಟೈರನ್ನು ಭೇದಿಸಿದ ಮೇಲೆ ಹೊರಗೆ ಮುರಿದು ಒಳಗೆ ಮೊನೆಯನ್ನುಳಿಸುವುದುಂಟು. ಆದುದರಿಂದ ಟ್ಯೂಬನ್ನು ಮರಳಿ ಕೂರಿಸುವ ಮುನ್ನ ಟೈರಿನ ಒಳಮೈಯನ್ನೆಲ್ಲ ಬೆರಳಿನಿಂದ ಮೆಲ್ಲನೆ ಸವರಿ ನೋಡತಕ್ಕದ್ದು. ಹಾಗೆ ಮಾಡದವನು ಹೊಸ ಟ್ಯೂಬಿಗೂ ಅದೇ ಮುಳ್ಳನ್ನು ಚುಚ್ಚಿಸಿಕೊಳ್ಳುತ್ತಾನೆ.

ಪ್ಯಾಚು ಹಚ್ಚುವ ಕೆಲಸ ಸುಲಭವೆಂದು ತೋರಿದರೂ ಅದರೊಳಗೆ ಸೊಗಸಾದ ರಸಾಯನಶಾಸ್ತ್ರವಡಗಿದೆ. ಉಪ್ಪುಕಾಗದದಿಂದ ಉಜ್ಜಿದಾಗ ಟ್ಯೂಬಿನ ಮೇಲಣ ಪುಡಿಯೂ ಹಳೆಯ ಪದರವೂ ಹೋಗಿ ಶುದ್ಧ ರಬ್ಬರು ಕಾಣಿಸುತ್ತದೆ. ಅದರ ಮೇಲೆ ತೆಳ್ಳಗೆ ಸವರಿದ ಸಲ್ಯೂಷನ್ನಿನ ದ್ರಾವಕವು ರಬ್ಬರಿನೊಳಗಿಳಿದು, ಅದರ ಉದ್ದನೆಯ ಅಣುಸರಪಳಿಗಳನ್ನು ಸಡಿಲಿಸಿ, ಬಳಿಕ ಆವಿಯಾಗಿ ಹೊರಟುಹೋಗುತ್ತದೆ. ಆಗ ಒತ್ತಿದ ಪ್ಯಾಚಿನ ಸರಪಳಿಗಳು ಟ್ಯೂಬಿನವುಗಳೊಡನೆ ಹೆಣೆದುಕೊಂಡು, ಒಳ್ಳೆಯ ಪ್ಯಾಚಾದರೆ ಗಂಧಕದ ಬಂಧಗಳೂ ಏರ್ಪಟ್ಟು, ಎರಡೂ ಏಕದೇಹವಾಗುತ್ತವೆ. ಹಸಿಯಿರುವಾಗಲೇ ಒತ್ತಿದರೆ ದ್ರಾವಕವು ನಡುವೆ ಸಿಲುಕಿ ಪ್ಯಾಚು ಮೈಲಿ ದಾಟುವುದರೊಳಗೆ ಏಳುತ್ತದೆ. ಹೊಳಪು ಮಾಯವಾಗುವವರೆಗೆ ಕಾಯುವ ತಾಳ್ಮೆಯೇ ಇಲ್ಲಿ ಮುಖ್ಯ. ಒಮ್ಮೆ ತೆರೆದ ಸಲ್ಯೂಷನ್ನು ನಮ್ಮ ಬಿಸಿಲಿಗೆ ಬೇಗ ಒಣಗುವುದಾದ್ದರಿಂದ ತೆರೆಯದ ಚಿಕ್ಕ ಕೊಳವೆಯನ್ನೇ ಒಯ್ಯುವುದು ಲೇಸು.

ಎರೆಮಣ್ಣಿನ ಬಾಧೆ ಬೇರೆ ತೆರನದು. ಅದರ ಸೂಕ್ಷ್ಮ ಜೇಡಿಕಣಗಳು ಹಾಳೆ ಹಾಳೆಯಾಗಿದ್ದು, ಆ ಪದರಗಳ ನಡುವೆ ನೀರು ಹೊಕ್ಕು ಉಬ್ಬುತ್ತವೆ, ಅಂಟುತ್ತವೆ. ಹೊಲದ ದಾರಿಗಿಳಿದ ಸೈಕಲ್ಲಿನ ಮಡ್‌ಗಾರ್ಡಿನೊಳಗೆ ಅದು ಗಿಡಿದುಕೊಂಡಿತೆಂದರೆ ಗಾಲಿ ತಿರುಗುವುದೇ ಇಲ್ಲ. ಬಲಾತ್ಕಾರವಾಗಿ ತುಳಿದರೆ ಚೈನಿಗೆ ಅಪಾಯ. ಚೀಲದಲ್ಲೊಂದು ಹಳೆಯ ಸ್ಪೋಕು ಇದ್ದರೆ ಕೆಸರನ್ನು ಕೆದಕಿ ತೆಗೆಯಬಹುದು. ಉಳಿದ ದಾರಿಯನ್ನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ದಾಟುವುದೇ ವಿವೇಕ.

ಪಂಪು, ಟೈರು ಕೀಳುವ ಎರಡು ಪಟ್ಟಿ, ನಟ್ಟುಗಳಿಗೊಪ್ಪುವ ಪಾನಾ, ಒಂದು ಟ್ಯೂಬು ಇವು ಹೇಳದೆಯೇ ತಿಳಿಯುವಂಥವು. ಹಳೆಯ ಮಾದರಿಯ ವಾಲ್ವಿನವರು ಗೇಣುದ್ದ ವಾಲ್‌ಟ್ಯೂಬನ್ನು ಮರೆಯಬಾರದು, ಏಕೆಂದರೆ ಆ ರಬ್ಬರಿನ ತೋಳು ಬಿಸಿಲಿಗೆ ಬಿರಿದರೆ ಮುಳ್ಳಿಲ್ಲದೆಯೂ ಗಾಳಿ ಇಳಿಯುತ್ತದೆ.

ಕುಡಿಯುವ ನೀರನ್ನು ಮಾತ್ರ ಮರಳುವ ದಾರಿಯನ್ನು ನೆನೆದು ತುಂಬಿಕೊಳ್ಳಬೇಕು. ಕಪ್ಪತಗುಡ್ಡದ ಗಾಳಿಗಿರಣಿಗಳನ್ನು ತಿರುಗಿಸುವ ಪಡುವಣ ಗಾಳಿ ಮುಂಗಾರಿನಲ್ಲಿ ಮುಂಡರಗಿಯಿಂದ ಗದಗಿಗೆ ಬರುವವನ ಎದೆಗೇ ಎದುರಾಗುತ್ತದೆ. ಗಾಯವಾದರೆ ಶುಭ್ರವಾದ ಬಟ್ಟೆಯ ಪಟ್ಟಿ, 108ಕ್ಕೆ ಕರೆ; ಕರೆಯುವಾಗ ಹತ್ತಿರದ ಊರಿನ ಹೆಸರಿನೊಡನೆ ಕಿಲೋಮೀಟರು ಕಲ್ಲಿನ ಅಂಕೆಯನ್ನೂ ಓದಿ ಹೇಳತಕ್ಕದ್ದು.