ಅತ್ತೆ ಎಲ್ಲಿರಬೇಕು, ಅಮ್ಮ ಎಲ್ಲಿರಬೇಕು?



ಸೊರಬ ತಾಲೂಕಿನ ಒಂದು ಹಳ್ಳಿಯ ಸಂಘದ ಸಭೆಗೆ ಹೋಗಿದ್ದೆ. ಉಳಿತಾಯದ ಹಣ ಎಣಿಸಿ, ಪುಸ್ತಕ ಬರೆದು ಮುಗಿದ ಮೇಲೆ ಒಬ್ಬ ಸದಸ್ಯೆ ಮೆಲ್ಲಗೆ ಕೇಳಿದರು: "ಸಿಸ್ಟರ್, ನಮ್ಮ ಅತ್ತೆನ ಸೇರಿಸೋಕೆ ಎಲ್ಲಾದ್ರೂ ಆಶ್ರಮ ಇದ್ರೆ ಹೇಳ್ತೀರಾ?" ಉಳಿದವರೆಲ್ಲ ಆಕೆಯ ಮುಖ ನೋಡಿದರು. ಕೇಳಿದ್ದೇ ದೊಡ್ಡ ಅಪರಾಧ ಎನ್ನುವ ಹಾಗೆ.

ವಿಚಾರಿಸಿದೆ. ಅತ್ತೆಗೆ ಎಂಬತ್ತರ ಹತ್ತಿರ ವಯಸ್ಸು, ಒಂದು ಕಾಲು ಸ್ವಾಧೀನ ಇಲ್ಲ. ಮೂವರು ಗಂಡುಮಕ್ಕಳು. ಒಬ್ಬ ಬೆಂಗಳೂರು, ಒಬ್ಬ ಶಿರಾಳಕೊಪ್ಪ, ಊರಲ್ಲಿ ಉಳಿದವನು ಈಕೆಯ ಗಂಡ. ಜಮೀನು ಮೂರು ಪಾಲಾಗಿದೆ, ಅತ್ತೆಯ ಆರೈಕೆ ಮಾತ್ರ ಪಾಲಾಗಿಲ್ಲ. ಈಕೆ ಶುಂಠಿ ಹೊಲಕ್ಕೆ ಕೂಲಿಗೆ ಹೋದರೆ ಸಂಜೆವರೆಗೂ ಮುದುಕಿ ಒಬ್ಬರೇ. ಬಚ್ಚಲಿಗೆ ಹೋಗಲು ಹೋಗಿ ಎರಡು ಸಲ ಬಿದ್ದಿದ್ದಾರೆ.

ಆಕೆ ಕೇಳಿದ್ದು ತಪ್ಪು ಅಂತ ನನಗೆ ಅನಿಸಲಿಲ್ಲ. ನಮ್ಮ ಶಿಕಾರಿಪುರ, ಸೊರಬ ತಾಲೂಕುಗಳ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಓದಿದ ಮಕ್ಕಳು ಹೊರಗೆ ಹೋಗಿದ್ದಾರೆ, ಮನೆಯಲ್ಲಿ ಉಳಿದ ಹೆಂಗಸು ಕೂಲಿಗೂ ಹೋಗಬೇಕು, ವಯಸ್ಸಾದವರನ್ನೂ ನೋಡಿಕೊಳ್ಳಬೇಕು. ಆದ್ದರಿಂದ ಯಾವ ಯಾವ ದಾರಿ ಇದೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 2007ರಲ್ಲಿ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಬಂತು. ಸ್ವಂತ ದುಡಿಮೆಯಿಂದಾಗಲೀ ಆಸ್ತಿಯಿಂದಾಗಲೀ ಬದುಕಲು ಆಗದ ತಂದೆ ತಾಯಿಯನ್ನು ಮಕ್ಕಳು ಸಾಕಲೇಬೇಕು. ಮಕ್ಕಳು ಎಂದರೆ ಮಗ ಮಾತ್ರವಲ್ಲ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳೂ ಸೇರಿದರು. ಮಕ್ಕಳಿಲ್ಲದವರಾದರೆ, ಅವರ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಅದು ಯಾರಿಗೆ ಸೇರುತ್ತದೋ ಆ ಸಂಬಂಧಿಕರ ಮೇಲೆ ಆ ಹೊಣೆ ಬೀಳುತ್ತದೆ. ಒಂದು ಮಾತು ಗಮನಿಸಿ. ಕಾನೂನಿನ ಆ ಪಟ್ಟಿಯಲ್ಲಿ ಸೊಸೆಯ ಹೆಸರಿಲ್ಲ. ಮನೆಯಲ್ಲಿ ಮಾತ್ರ ಎಲ್ಲಾ ಕೆಲಸ ಸೊಸೆಯದೇ! ಅತ್ತೆಯನ್ನು ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಗಂಡನ ಅಣ್ಣತಮ್ಮಂದಿರು, ನಾದಿನಿಯರು ಎಲ್ಲರಿಗೂ ಪಾಲಿದೆ ಎಂದು ಕೇಳುವ ಹಕ್ಕು ನಿಮಗಿದೆ. ಅದನ್ನು ಜಗಳವಾಡಿ ಕೇಳಬೇಕಾಗಿಲ್ಲ, ಕೂತು ಕೇಳಬಹುದು.

ಸಾಧ್ಯವಾದಷ್ಟು ದಿನ ಸ್ವಂತ ಮನೆಯಲ್ಲೇ ಇರುವುದು ವಯಸ್ಸಾದವರಿಗೆ ಒಳ್ಳೆಯದು ಎಂಬುದು ನನ್ನ ಅನುಭವ. ಆದರೆ ಮನೆಯನ್ನು ಅವರಿಗೆ ತಕ್ಕ ಹಾಗೆ ಮಾಡಬೇಕು. ನಮ್ಮ ಕಡೆ ಮನೆಗಳಿಗೆ ಎತ್ತರದ ಹೊಸ್ತಿಲು, ಕಕ್ಕಸು ಹೊರಗೆ, ಮಳೆಗಾಲದಲ್ಲಿ ಅಂಗಳ ತುಂಬ ಪಾಚಿ. ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಏಳುವುದೇ ಇಲ್ಲ. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಪೈಪು, ರಾತ್ರಿಗೆ ಒಂದು ಸಣ್ಣ ಬಲ್ಬು, ಮಂಚದ ಹತ್ತಿರ ಕಮೋಡ್ ಕುರ್ಚಿ. ಇಷ್ಟಕ್ಕೆ ಸಂಘದಿಂದ ಸಣ್ಣ ಸಾಲ ತೆಗೆದರೆ ಸಾಕು. ಮದುವೆಗೆ, ಹಬ್ಬಕ್ಕೆ ಸಾಲ ಕೊಡುವ ಸಂಘಗಳು ಇದಕ್ಕೆ ಕೊಟ್ಟದ್ದನ್ನು ನಾನು ಕಂಡದ್ದು ಕಡಿಮೆ.

ಇನ್ನು ಕೆಲವು ಮನೆಗಳಲ್ಲಿ ಸರದಿ ಪದ್ಧತಿ ಇದೆ. ಈ ತಿಂಗಳು ದೊಡ್ಡ ಮಗನ ಮನೆ, ಮುಂದಿನ ತಿಂಗಳು ಚಿಕ್ಕವನ ಮನೆ. ಮಕ್ಕಳಿಗೆ ಇದು ನ್ಯಾಯವಾಗಿ ಕಾಣುತ್ತದೆ. ಆದರೆ ಮಾತ್ರೆ ಒಂದು ಮನೆಯಲ್ಲಿ, ಕನ್ನಡಕ ಇನ್ನೊಂದು ಮನೆಯಲ್ಲಿ. ಮರೆವು ಶುರುವಾದವರಿಗಂತೂ ಹೊಸ ಜಾಗ ಅಂದರೆ ಭಯ. ರಾತ್ರಿ ಎದ್ದು ಬಾಗಿಲು ಹುಡುಕುತ್ತಾರೆ. ಅಮ್ಮ ಒಂದೇ ಕಡೆ ಇದ್ದು, ಖರ್ಚನ್ನೂ ರಜಾ ದಿನಗಳನ್ನೂ ಮಕ್ಕಳು ಹಂಚಿಕೊಳ್ಳುವುದು ಇದಕ್ಕಿಂತ ವಾಸಿ.

ವೃದ್ಧಾಶ್ರಮ ಎಂದರೆ ಮನೆಯಿಂದ ಹೊರಗೆ ಹಾಕುವುದು ಎಂದೇ ಅರ್ಥವಲ್ಲ. ಫ್ರಾನ್ಸ್ ದೇಶದಲ್ಲಿ 1839ರ ಚಳಿಗಾಲದಲ್ಲಿ ಜೀನ್ ಜುಗಾನ್ ಎಂಬ ಬಡ ಹೆಂಗಸು ಕಣ್ಣು ಕಾಣದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಅಲ್ಲಿಂದ ಬೆಳೆದ 'ಬಡವರ ಕಿರಿಯ ಸಹೋದರಿಯರು' ಸಭೆಯ ಆಶ್ರಮ ಬೆಂಗಳೂರಿನಲ್ಲೂ ಇದೆ. ಯಾರೂ ಇಲ್ಲದವರಿಗೆ ಇಂಥ ಜಾಗ ಬೇಕೇ ಬೇಕು. ಆದರೆ ಸೇರಿಸುವ ಮೊದಲು ಅಲ್ಲಿಗೆ ಹೋಗಿ ನೋಡಿ. ಹೇಳದೆ ಹೋಗಿ, ಊಟದ ಹೊತ್ತಿಗೆ ಹೋಗಿ. ಕಕ್ಕಸು ನೋಡಿ. ರಾತ್ರಿ ಯಾರು ಇರುತ್ತಾರೆ ಕೇಳಿ. ಎಷ್ಟೋ ಕಡೆ ಎದ್ದು ಓಡಾಡುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಹಾಸಿಗೆ ಹಿಡಿದರೆ ಏನು ಮಾಡುತ್ತೀರಿ ಅಂತ ಮೊದಲೇ ಕೇಳಬೇಕು. ಆಸ್ಪತ್ರೆ ಖರ್ಚು ಯಾರದು, ಕಟ್ಟಿದ ಮುಂಗಡ ಹಣ ವಾಪಸು ಬರುತ್ತದೆಯೇ, ಬರವಣಿಗೆಯಲ್ಲಿ ಕೊಡುತ್ತಾರೆಯೇ? ಎಲ್ಲಕ್ಕಿಂತ ಮೊದಲು ಹೋಗಬೇಕಾದವರ ಒಪ್ಪಿಗೆ ಬೇಕು. 'ಆಸ್ಪತ್ರೆಗೆ ಹೋಗೋಣ ಬಾ' ಅಂತ ಸುಳ್ಳು ಹೇಳಿ ಬಿಟ್ಟು ಬರುವುದು ಮಹಾಪಾಪ.

ಹಾಗೆ ಬಿಟ್ಟು ಹೋಗುವುದು ನಮ್ಮ ರಾಜ್ಯದಲ್ಲೇ ನಡೆದಿದೆ. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಆಸ್ಪತ್ರೆಯೊಂದರಲ್ಲೇ 150ಕ್ಕೂ ಹೆಚ್ಚು ವೃದ್ಧರನ್ನು ಮಕ್ಕಳು ಬಿಟ್ಟು ಹೋದ ಸಂಗತಿ 2025ರಲ್ಲಿ ಹೊರಬಂತು. ಕಾಯ್ದೆಯ 24ನೇ ಕಲಮಿನ ಪ್ರಕಾರ ಇದು ಅಪರಾಧ. ಮೂರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈಗ ಬಹಳ ಮುಖ್ಯವಾದ ವಿಷಯ. ದಯವಿಟ್ಟು ಸಭೆಯಲ್ಲಿ ಇದನ್ನು ಎರಡು ಸಲ ಓದಿ.

ಉಯಿಲು ಬೇರೆ, ದಾನಪತ್ರ ಬೇರೆ. ಉಯಿಲು ಬರೆದವರು ಸತ್ತ ಮೇಲೆ ಜಾರಿಗೆ ಬರುತ್ತದೆ. ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ದಾನಪತ್ರ ಹಾಗಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ನೋಂದಣಿಯಾಯಿತು ಅಂದರೆ ಮನೆ ಮಗನದಾಯಿತು. 'ಖಾತೆ ಬದಲಾವಣೆಗೆ ಒಂದು ಸಹಿ ಅಮ್ಮಾ' ಅಂದಾಗ ಕಾಗದದಲ್ಲಿ ಏನಿದೆ ಎಂದು ಯಾರೂ ಓದಿ ಹೇಳುವುದಿಲ್ಲ. ಕೊಡುವುದೇ ಆದರೆ ಆ ಪತ್ರದಲ್ಲೇ ಒಂದು ಷರತ್ತು ಬರೆಸಬೇಕು: 'ನನ್ನ ಜೀವ ಇರುವವರೆಗೆ ಈ ಮನೆಯಲ್ಲಿ ವಾಸಕ್ಕೆ ಜಾಗ, ಅನ್ನ, ಬಟ್ಟೆ, ಔಷಧೋಪಚಾರ ಕೊಡತಕ್ಕದ್ದು. ತಪ್ಪಿದಲ್ಲಿ ಈ ಪತ್ರ ರದ್ದಾಗತಕ್ಕದ್ದು.' ಇಂಥ ಷರತ್ತು ಇದ್ದು ಮಗ ನೋಡಿಕೊಳ್ಳದಿದ್ದರೆ 23ನೇ ಕಲಮಿನಂತೆ ದಾನಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇಲ್ಲದಿದ್ದರೆ ಈ ಕಲಮು ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟು ಇನ್ನೊಂದು ಪ್ರಕರಣದಲ್ಲಿ, ಇದು ಹಿರಿಯರ ರಕ್ಷಣೆಗಾಗಿ ಇರುವ ಕಾಯ್ದೆ, ಉದಾರವಾಗಿ ಅರ್ಥ ಮಾಡಬೇಕು ಎಂದು ತಾಯಿಯ ಪರವಾಗಿ ತೀರ್ಪು ಕೊಟ್ಟಿತು. ಆದರೂ ಕೋರ್ಟಿನ ದಯೆಯನ್ನು ನಂಬಿ ಕೂರುವುದಕ್ಕಿಂತ ಒಂದು ಸಾಲು ಬರೆಸುವುದು ಸುಲಭ.

ಮಕ್ಕಳು ಕೈಬಿಟ್ಟರೆ ಅರ್ಜಿ ಕೊಡುವುದು ಉಪವಿಭಾಗಾಧಿಕಾರಿಗಳ, ಅಂದರೆ ಎ.ಸಿ. ಸಾಹೇಬರ ನ್ಯಾಯಮಂಡಳಿಗೆ. ಶಿಕಾರಿಪುರ, ಸೊರಬ ಎರಡೂ ಸಾಗರ ಉಪವಿಭಾಗಕ್ಕೆ ಸೇರಿದ್ದರಿಂದ ಸಾಗರಕ್ಕೆ ಹೋಗಬೇಕು. (ಸರ್ಕಾರಿ ಬಸ್ಸಾದರೆ ನಮಗೆ ಟಿಕೆಟ್ ಇಲ್ಲ, ಆದರೆ ನಮ್ಮ ಕಡೆ ಸಿಗುವುದು ಹೆಚ್ಚಾಗಿ ಖಾಸಗಿ ಬಸ್ಸೇ!) ವಕೀಲರೇ ಬೇಕೆಂದಿಲ್ಲ. ಹೋಗಲು ಶಕ್ತಿ ಇಲ್ಲದಿದ್ದರೆ ಅವರು ಒಪ್ಪಿ ಸೂಚಿಸಿದ ಬೇರೆಯವರಾಗಲೀ ಸಂಸ್ಥೆಯಾಗಲೀ ಅವರ ಪರವಾಗಿ ಅರ್ಜಿ ಕೊಡಬಹುದು. ಮಕ್ಕಳಿಗೆ ನೋಟಿಸು ತಲುಪಿದ 90 ದಿನದೊಳಗೆ ತೀರ್ಮಾನ ಆಗಬೇಕು ಎಂದು ಕಾಯ್ದೆಯಲ್ಲಿದೆ. ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಗೊತ್ತು ಮಾಡುತ್ತಾರೆ. ಹತ್ತಿರದಲ್ಲಿ ಯಾರೂ ಇಲ್ಲದಾಗ 14567ಕ್ಕೆ ಫೋನ್ ಮಾಡಿ. ಅದು ಹಿರಿಯರ ಸಹಾಯವಾಣಿ, ದುಡ್ಡು ಬೀಳುವುದಿಲ್ಲ.

65 ವರ್ಷ ತುಂಬಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ, ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. 2007ರಲ್ಲಿ ಶುರುವಾದಾಗ 400 ರೂಪಾಯಿ ಇತ್ತು, ಆಮೇಲೆ 1,200 ಆಯಿತು. ಆ ಹಣ, ಪಾಸ್‌ಬುಕ್, ಎಟಿಎಂ ಕಾರ್ಡು ಅವರ ಕೈಯಲ್ಲೇ ಇರಲಿ. ಮೊಮ್ಮಗುವಿಗೆ ಬಿಸ್ಕೆಟ್ ಕೊಡಿಸುವಷ್ಟಾದರೂ ಸ್ವಾತಂತ್ರ್ಯ ಅವರಿಗೆ ಬೇಕಲ್ಲವೇ?

ಆ ಸೊರಬದ ಮನೆಯ ವಿಷಯ. ಮೂವರು ಮಕ್ಕಳನ್ನೂ ಒಂದು ಭಾನುವಾರ ಕರೆಸಿ ಅಜ್ಜಿಯ ಎದುರಿಗೇ ಮಾತಾಡಿದೆವು. ಬೆಂಗಳೂರಿನವನು ಮೊದಲು ಸಿಟ್ಟಾದ, ಆಮೇಲೆ ಒಪ್ಪಿದ. ಅವನು ಕಳಿಸುವ ಹಣದಲ್ಲಿ ಪಕ್ಕದ ಮನೆಯ ಒಬ್ಬ ಹೆಂಗಸು ಬೆಳಿಗ್ಗೆಯಿಂದ ಸಂಜೆವರೆಗೆ ಬಂದು ಅಜ್ಜಿಯ ಹತ್ತಿರ ಇರುತ್ತಾರೆ. ಶಿರಾಳಕೊಪ್ಪದವನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊಣೆ ಹೊತ್ತಿದ್ದಾನೆ. ಅವನು ತಪ್ಪಿಸಿಕೊಳ್ಳುವುದೂ ಉಂಟು, ಆಗೆಲ್ಲ ಈ ಸೊಸೆಯೇ ಹೋಗುತ್ತಾರೆ. ಅಜ್ಜಿ ಕೇಳಿದ್ದು ಒಂದೇ, ಮಂಚವನ್ನು ಒಳಕೋಣೆಯಿಂದ ಜಗುಲಿಗೆ ಹಾಕಿ, ಹೋಗಿ ಬರುವವರು ಕಾಣಲಿ ಅಂತ. ಹಾಕಿದ್ದಾರೆ.

ಅರ್ಜಿ ಬರೆಯಲು ಸಹಾಯ ಬೇಕಾದವರು ನಿಮ್ಮ ಕ್ಷೇತ್ರದ ಕಾರ್ಯಕರ್ತೆಗೆ ತಿಳಿಸಿ. ಬರುವಾಗ ಹಿರಿಯರ ಆಧಾರ್ ಕಾರ್ಡು, ರೇಷನ್ ಕಾರ್ಡು, ಮಕ್ಕಳ ಹೆಸರು ಮತ್ತು ವಿಳಾಸ, ಜಮೀನು ಅಥವಾ ಮನೆಯ ಪತ್ರ ಇದ್ದರೆ ಅದರ ಜೆರಾಕ್ಸ್ ತನ್ನಿ. ಮೂಲ ಪತ್ರವನ್ನು ಯಾರ ಕೈಗೂ ಕೊಡಬೇಡಿ, ನಮ್ಮ ಕೈಗೂ ಬೇಡ.