ಟ್ರಾವಿಸ್ ಕೆಲ್ಸಿ: ಮೈದಾನದ ಬೆಲೆ ಬೇರೆ, ಫ್ಯಾಂಟಸಿ ಬೆಲೆ ಬೇರೆ

ಅಮೆರಿಕದಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಆಗಸ್ಟ್ ಮುಗಿಯುವ ಹೊತ್ತಿಗೆ ಆಫೀಸಿನಲ್ಲಿ ಒಂದು ಕರೆ ಬರುವುದುಂಟು: ಫ್ಯಾಂಟಸಿ ಫುಟ್‌ಬಾಲ್ ಲೀಗಿಗೆ ಒಬ್ಬರು ಕಡಿಮೆ ಬಿದ್ದಿದ್ದಾರೆ, ಸೇರಿಕೊಳ್ಳುತ್ತೀರಾ? ಎನ್‌ಎಫ್‌ಎಲ್ ಪರಿಚಯ ಅಷ್ಟಕ್ಕಷ್ಟೇ ಆದರೂ ಆಟಗಾರರನ್ನು ಆರಿಸುವ ದಿನ ಒಂದು ಹೆಸರು ಮಾತ್ರ ಎಲ್ಲರಿಗೂ ಗೊತ್ತಿರುತ್ತದೆ. ಟ್ರಾವಿಸ್ ಕೆಲ್ಸಿ. ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡದ ಟೈಟ್ ಎಂಡ್, ಮೂರು ಸೂಪರ್ ಬೌಲ್ ಗೆದ್ದವರು, 2025ರಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಜೊತೆ ನಿಶ್ಚಿತಾರ್ಥ ಮಾಡಿಕೊಂಡವರು. ಇವರ ಬಗ್ಗೆ ಎರಡು ಮಾತು ಒಟ್ಟೊಟ್ಟಿಗೇ ಓಡಾಡುತ್ತವೆ. ಒಂದು, "ಕೆಲ್ಸಿ ಸಿಕ್ಕರೆ ಬಿಡಲೇಬೇಡಿ." ಇನ್ನೊಂದು, "ಕೆಲ್ಸಿ ಕಥೆ ಮುಗಿಯಿತು." ಎರಡೂ ಹುಟ್ಟಿದ್ದು ಒಂದೇ ಗೊಂದಲದಿಂದ. ಮೈದಾನದಲ್ಲಿ ಆಟಗಾರನಿಗೆ ಇರುವ ಬೆಲೆಯನ್ನೂ ಫ್ಯಾಂಟಸಿ ಲೀಗಿನಲ್ಲಿ ಅವನಿಗೆ ಬರುವ ಬೆಲೆಯನ್ನೂ ಜನ ಒಂದೇ ಎಂದುಕೊಂಡಿದ್ದಾರೆ.

ಮೊದಲು ಅಂಕಗಳ ಲೆಕ್ಕ ಹೇಳಿಬಿಡುತ್ತೇನೆ. ಚೆಂಡು ಹಿಡಿದು ಹತ್ತು ಗಜ ಮುಂದೆ ಸಾಗಿದರೆ ಒಂದು ಅಂಕ, ಟಚ್‌ಡೌನಿಗೆ ಆರು ಅಂಕ. ಬಹಳಷ್ಟು ಲೀಗುಗಳಲ್ಲಿ ಪ್ರತಿ ಕ್ಯಾಚಿಗೆ ಇನ್ನೊಂದು ಅಂಕ ಸೇರುತ್ತದೆ. ಮುಂದೆ ಕೊಟ್ಟಿರುವ ಅಂಕಗಳನ್ನೆಲ್ಲ ಈ ಮೂರನ್ನು ಕೂಡಿಸಿಯೇ ತೆಗೆದಿದ್ದೇನೆ.

ತಪ್ಪು ಕಲ್ಪನೆ: ಟೈಟ್ ಎಂಡ್ ಎಂದರೆ ಚೆಂಡು ಹಿಡಿಯುವವನು.

ಅರ್ಧ ಸತ್ಯ. ಟೈಟ್ ಎಂಡ್ ನಿಲ್ಲುವುದು ಸಾಮಾನ್ಯವಾಗಿ ಮುಂಚೂಣಿ ಸಾಲಿನ ತುದಿಯಲ್ಲಿ, ದೈತ್ಯ ದೇಹದ ಲೈನ್‌ಮನ್‌ಗಳ ಪಕ್ಕದಲ್ಲಿ. ಒಂದು ಸಲ ಎದುರಾಳಿಯನ್ನು ತಳ್ಳಿ ಸಹ ಆಟಗಾರನ ಓಟಕ್ಕೆ ದಾರಿ ಬಿಡಿಸಬೇಕು, ಇನ್ನೊಂದು ಸಲ ತಾನೇ ಓಡಿ ಚೆಂಡು ಹಿಡಿಯಬೇಕು. ಮೊದಲನೆಯ ಕೆಲಸಕ್ಕೆ ಫ್ಯಾಂಟಸಿಯಲ್ಲಿ ಸೊನ್ನೆ ಅಂಕ. ಹಾಗಾಗಿ ತರಬೇತುದಾರರು ತಲೆಯ ಮೇಲೆ ಹೊತ್ತು ಮೆರೆಸುವ ಒಳ್ಳೊಳ್ಳೆಯ ಟೈಟ್ ಎಂಡ್‌ಗಳು ಫ್ಯಾಂಟಸಿ ಪಟ್ಟಿಯಲ್ಲಿ ಹೆಸರಿಗೂ ಇರುವುದಿಲ್ಲ. ಈ ಸ್ಥಾನದಿಂದ ವಾರವಾರವೂ ಅಂಕ ತಂದುಕೊಡುವವರು ಬೆರಳೆಣಿಕೆಯಷ್ಟು ಮಂದಿ ಮಾತ್ರ.

ಆ ಕೊರತೆಯೇ ಕೆಲ್ಸಿಯವರ ಫ್ಯಾಂಟಸಿ ಬೆಲೆಯ ಮೂಲ. ಭಾರತದ ಸಂಸತ್ತು 2025ರ ಆಗಸ್ಟಿನಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮುಂಚೆ ಡ್ರೀಮ್ ಇಲೆವನ್‌ನಲ್ಲಿ ಕ್ರಿಕೆಟ್ ತಂಡ ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಒಬ್ಬ ವಿಕೆಟ್ ಕೀಪರ್ ಇರಲೇಬೇಕಿತ್ತು. ರನ್ನೂ ಹೊಡೆಯುವ ಕೀಪರ್ ಆ ಪಂದ್ಯದಲ್ಲಿ ಒಬ್ಬನೇ ಇದ್ದರೆ ಅವನನ್ನು ಬಿಟ್ಟವರು ಹಿಂದೆ ಬೀಳುತ್ತಿದ್ದರು. ಎನ್‌ಎಫ್‌ಎಲ್ ಫ್ಯಾಂಟಸಿ ತಂಡದಲ್ಲಿ ಟೈಟ್ ಎಂಡ್‌ಗೂ ಸಾಮಾನ್ಯವಾಗಿ ಹೀಗೇ ಒಂದು ಕಡ್ಡಾಯ ಜಾಗವಿದೆ. 2022ರ ಲೆಕ್ಕ ನೋಡಿ. ಕೆಲ್ಸಿ 110 ಕ್ಯಾಚ್, 1,338 ಗಜ, 12 ಟಚ್‌ಡೌನ್: ಸುಮಾರು 316 ಅಂಕ. ಟೈಟ್ ಎಂಡ್‌ಗಳಲ್ಲಿ ಅವರ ನಂತರ ಬಂದ ಟಿ. ಜೆ. ಹಾಕೆನ್‌ಸನ್ 86 ಕ್ಯಾಚ್, 914 ಗಜ, 6 ಟಚ್‌ಡೌನ್: 213 ಅಂಕ. ನೂರಕ್ಕೂ ಹೆಚ್ಚು ಅಂತರ, ಅಂದರೆ ಪ್ರತಿ ವಾರವೂ ಒಂದು ಟಚ್‌ಡೌನಿನಷ್ಟು ಮುನ್ನಡೆ. ಅದೇ ವರ್ಷ ವೈಡ್ ರಿಸೀವರ್‌ಗಳಲ್ಲಿ ಜಸ್ಟಿನ್ ಜೆಫರ್ಸನ್ ಕೆಲ್ಸಿಗಿಂತ ಹೆಚ್ಚು ಅಂಕ ಗಳಿಸಿದರು. ಆದರೆ ಅವರಿಗೂ ಟೈರೀಕ್ ಹಿಲ್‌ಗೂ ನಡುವೆ ಇದ್ದ ಅಂತರ ಇದರ ಸುಮಾರು ಕಾಲು ಭಾಗ. ಎಷ್ಟು ಅಂಕ ತಂದರು ಎನ್ನುವುದಕ್ಕಿಂತ, ಅವರು ಸಿಗದಿದ್ದರೆ ಆ ಜಾಗಕ್ಕೆ ಸಿಗುತ್ತಿದ್ದವರು ಎಷ್ಟು ತರುತ್ತಿದ್ದರು ಎನ್ನುವುದು ಇಲ್ಲಿ ಬೆಲೆ ಕಟ್ಟುತ್ತದೆ. 2023ರ ಫ್ಯಾಂಟಸಿ ಡ್ರಾಫ್ಟಿನಲ್ಲಿ, ಅಂದರೆ ಆಟಗಾರರನ್ನು ಸರದಿಯಂತೆ ಆರಿಸುವ ದಿನ, ಕೆಲ್ಸಿಯನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡವರ ತರ್ಕ ಇದೇ ಆಗಿತ್ತು, ಮತ್ತು ತರ್ಕ ಸರಿಯಾಗಿಯೇ ಇತ್ತು.

ತಪ್ಪು ಕಲ್ಪನೆ: ಪ್ಯಾಟ್ರಿಕ್ ಮಹೋಮ್ಸ್ ಇದ್ದದ್ದರಿಂದ ಕೆಲ್ಸಿ ಕೆಲ್ಸಿಯಾದರು.

ಮಹೋಮ್ಸ್ ಚೀಫ್ಸ್ ತಂಡದ ಕಾಯಂ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವರು, ಆದದ್ದು 2018ರಲ್ಲಿ. ಅದಕ್ಕೂ ಮೊದಲೇ, ಅಲೆಕ್ಸ್ ಸ್ಮಿತ್ ಚೆಂಡು ಎಸೆಯುತ್ತಿದ್ದ ಕಾಲದಲ್ಲಿ, ಕೆಲ್ಸಿ 2016ರಲ್ಲಿ 1,125 ಗಜ, 2017ರಲ್ಲಿ 1,038 ಗಜ ಗಳಿಸಿದ್ದರು. ಮಹೋಮ್ಸ್ ಬಂದ ಮೇಲೆ ಸಂಖ್ಯೆ ಏರಿದ್ದು ನಿಜ. 2020ರ 1,416 ಗಜ ಟೈಟ್ ಎಂಡ್ ಒಬ್ಬರು ಒಂದೇ ಸೀಸನ್ನಿನಲ್ಲಿ ಗಳಿಸಿದ ದಾಖಲೆ. 2016ರಿಂದ 2022ರವರೆಗೆ ಸತತ ಏಳು ಸೀಸನ್ ಸಾವಿರ ಗಜ ದಾಟಿದ ಟೈಟ್ ಎಂಡ್ ಬೇರೆ ಯಾರೂ ಇಲ್ಲ. ಆ ಏಳರಲ್ಲಿ ಎರಡು ಸ್ಮಿತ್ ಕಾಲದವು.

ಆರಂಭವೂ ಸಲೀಸಾಗಿರಲಿಲ್ಲ. ಶಾಲಾ ದಿನಗಳಲ್ಲಿ ಕೆಲ್ಸಿ ಆಡುತ್ತಿದ್ದದ್ದು ಕ್ವಾರ್ಟರ್‌ಬ್ಯಾಕ್ ಆಗಿ. ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 2010ರ ಸೀಸನ್ ಪೂರ್ತಿ ಅಮಾನತು. 2013ರ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ ಮೂರನೆಯ ಸುತ್ತಿನವರೆಗೆ ಕಾದು 63ನೆಯವರಾಗಿ ಆಯ್ಕೆಯಾದರು, ಮೊದಲ ವರ್ಷ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಹೋಯಿತು. ಹಾಗಾಗಿ ಅವರ ಮೊದಲ ಕ್ಯಾಚ್ ಬರುವಾಗ 25ರ ಹತ್ತಿರದ ವಯಸ್ಸು. ಕ್ವಾರ್ಟರ್‌ಬ್ಯಾಕ್ ಆಗಿ ಎದುರಾಳಿಯ ರಕ್ಷಣೆಯನ್ನು ಓದಿ ರೂಢಿಯಾದ ಆ ಕಣ್ಣು ಮುಂದೆ ಅವರ ದೊಡ್ಡ ಬಂಡವಾಳವಾಯಿತು ಎಂದು ನಾನು ನಂಬಿದ್ದೇನೆ.

ಆ ಕಣ್ಣು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕಾದರೆ 2022ರ ಜನವರಿ 23ರ ರಾತ್ರಿಗೆ ಹೋಗಬೇಕು. ಕ್ಯಾನ್ಸಸ್ ಸಿಟಿಯ ಆ್ಯರೋಹೆಡ್ ಮೈದಾನ, ಬಫಲೋ ಬಿಲ್ಸ್ ವಿರುದ್ಧ ಪ್ಲೇಆಫ್ ಪಂದ್ಯ. ಚೀಫ್ಸ್ 33–36 ಹಿಂದೆ, ಉಳಿದಿದ್ದು 13 ಸೆಕೆಂಡ್. ಮೊದಲ ಎಸೆತ ಹಿಲ್‌ಗೆ, 19 ಗಜ. ಮುಂದಿನದಕ್ಕೆ ಕೆಲ್ಸಿಗೆ ಬರೆದುಕೊಟ್ಟಿದ್ದ ಓಟದ ದಾರಿ ಬೇರೆಯೇ ಇತ್ತು. ಬಫಲೋ ಆಟಗಾರರು ನಿಂತ ರೀತಿ ನೋಡಿದ ಕೆಲ್ಸಿ, ಅವರು ಹೀಗೇ ನಿಂತರೆ ತಾನು ನೇರ ನಡುವೆ ನುಗ್ಗುವುದಾಗಿ ಮಹೋಮ್ಸ್‌ಗೆ ಹೇಳಿದರು. ಆಟ ಶುರುವಾಗುವ ಕ್ಷಣದ ಮುಂಚೆ ಮಹೋಮ್ಸ್ ಸಾಲಿನಿಂದಲೇ ಕೂಗಿ, ಹಾಗೇ ಮಾಡು ಎಂದು ಒಪ್ಪಿಗೆ ಕೊಟ್ಟರು. ಕೆಲ್ಸಿ ಖಾಲಿ ಬಿಟ್ಟ ನಡುದಾರಿಯಲ್ಲಿ ಓಡಿ 25 ಗಜ ತಂದರು, ಗಡಿಯಾರದಲ್ಲಿ ಮೂರು ಸೆಕೆಂಡ್ ಉಳಿದಿತ್ತು. ಹ್ಯಾರಿಸನ್ ಬಟ್ಕರ್ 49 ಗಜದ ಫೀಲ್ಡ್ ಗೋಲಿನಿಂದ ಪಂದ್ಯ ಸಮ ಮಾಡಿದರು, ಹೆಚ್ಚುವರಿ ಸಮಯದಲ್ಲಿ ಕೆಲ್ಸಿಯೇ 8 ಗಜದ ಟಚ್‌ಡೌನ್ ಹಿಡಿದು 42–36ರಲ್ಲಿ ಮುಗಿಸಿದರು. ಹೆಚ್ಚಿನ ಫ್ಯಾಂಟಸಿ ಲೀಗುಗಳು ಅಷ್ಟರಲ್ಲಾಗಲೇ ಬಾಗಿಲು ಹಾಕಿಕೊಂಡಿದ್ದವು. ಅವರು ಆಡಿದ ಅತ್ಯುತ್ತಮ ಆಟಗಳಲ್ಲೊಂದಕ್ಕೆ ಆ ಲೀಗುಗಳಲ್ಲಿ ಒಂದು ಅಂಕವೂ ಇಲ್ಲ.

ತಪ್ಪು ಕಲ್ಪನೆ: 2023ರಲ್ಲಿ ಕೆಲ್ಸಿ ಕುಸಿದರು, ಪ್ರೇಮ ಪ್ರಸಂಗ ಅವರ ಆಟ ಕೆಡಿಸಿತು.

ಈ ಮಾತು ನನಗೆ ಎಲ್ಲಕ್ಕಿಂತ ಅನ್ಯಾಯವೆನಿಸುತ್ತದೆ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಟೇಲರ್ ಸ್ವಿಫ್ಟ್ ಆ್ಯರೋಹೆಡ್‌ಗೆ ಮೊದಲ ಸಲ ಬಂದದ್ದು ಆ ವರ್ಷದ ಸೆಪ್ಟೆಂಬರ್ 24ರಂದು. ಅದಕ್ಕೂ ಮುಂಚೆ, ಸೀಸನ್ನಿನ ಮೊದಲ ಪಂದ್ಯದ ಅಭ್ಯಾಸದಲ್ಲೇ ಕೆಲ್ಸಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡಿದ್ದರು, ಡೆಟ್ರಾಯ್ಟ್ ವಿರುದ್ಧದ ಆ ಪಂದ್ಯ ಆಡಲೇ ಇಲ್ಲ. ಅಕ್ಟೋಬರ್‌ನಲ್ಲಿ 34 ತುಂಬಿತು. ಆ ಸೀಸನ್ ಮುಗಿದಾಗ 93 ಕ್ಯಾಚ್, 984 ಗಜ, 5 ಟಚ್‌ಡೌನ್: ಸುಮಾರು 221 ಅಂಕ. ಹಿಂದಿನ ವರ್ಷಕ್ಕಿಂತ 95 ಕಡಿಮೆ. ಡೆಟ್ರಾಯ್ಟ್‌ನ ಹೊಸ ಹುಡುಗ ಸ್ಯಾಮ್ ಲಪೋರ್ಟಾ 86 ಕ್ಯಾಚ್, 889 ಗಜ, 10 ಟಚ್‌ಡೌನಿನಿಂದ 235ರ ಹತ್ತಿರ ಹೋದರು. ಲಪೋರ್ಟಾ ಸಿಕ್ಕಿದ್ದು ಫ್ಯಾಂಟಸಿ ಡ್ರಾಫ್ಟಿನ ಕೊನೆಕೊನೆಯ ಸುತ್ತುಗಳಲ್ಲಿ, ಕೆಲ್ಸಿಗೆ ತೆತ್ತಿದ್ದು ಮೊದಲ ಸುತ್ತಿನ ಬೆಲೆ. ಫ್ಯಾಂಟಸಿ ಲೆಕ್ಕದಲ್ಲಿ ಇದು ನಷ್ಟವೇ; ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಮೈದಾನದ ಲೆಕ್ಕ ಬೇರೆ ಹೇಳುತ್ತದೆ. ಕೊನೆಯ ಪಂದ್ಯಕ್ಕೆ ಹೋಗುವಾಗ ಕೆಲ್ಸಿಗೆ ಸಾವಿರಕ್ಕೆ 16 ಗಜ ಬಾಕಿ. ಸತತ ಎಂಟನೆಯ ಸಾವಿರ ಕೈಗೆಟುಕುವಷ್ಟು ಹತ್ತಿರವಿತ್ತು, ಎರಡು ಕ್ಯಾಚ್ ಹಿಡಿದಿದ್ದರೆ ಸಾಕಿತ್ತು. ಪ್ಲೇಆಫ್‌ನಲ್ಲಿ ಚೀಫ್ಸ್ ಸ್ಥಾನ ಆಗಲೇ ನಿಗದಿಯಾಗಿದ್ದ ಕಾರಣ ಚಾರ್ಜರ್ಸ್ ವಿರುದ್ಧದ ಆ ಪಂದ್ಯದಲ್ಲಿ ಅವರು ವಿಶ್ರಾಂತಿ ತೆಗೆದುಕೊಂಡರು, ದಾಖಲೆಯ ಸರಣಿ ಅಲ್ಲಿಗೆ ನಿಂತಿತು. ಆಮೇಲೆ ನಡೆದದ್ದನ್ನು ನೋಡಿ. ಮಯಾಮಿ ವಿರುದ್ಧ 71 ಗಜ. ಬಫಲೋದಲ್ಲಿ 75 ಗಜ, ಎರಡು ಟಚ್‌ಡೌನ್. ಬಾಲ್ಟಿಮೋರ್‌ನಲ್ಲಿ ತಮ್ಮ ಕಡೆಗೆ ಬಂದ 11 ಎಸೆತಗಳಲ್ಲಿ 11ನ್ನೂ ಹಿಡಿದು 116 ಗಜ, ಒಂದು ಟಚ್‌ಡೌನ್. ಅದೇ ಪಂದ್ಯದಲ್ಲಿ ಪ್ಲೇಆಫ್ ಕ್ಯಾಚ್‌ಗಳಲ್ಲಿ ಜೆರ್ರಿ ರೈಸ್ ಅವರ 151ರ ದಾಖಲೆಯನ್ನೂ ದಾಟಿದರು. ಸೂಪರ್ ಬೌಲ್‌ನಲ್ಲಿ 9 ಕ್ಯಾಚ್, 93 ಗಜ, ಮತ್ತು ಕಪ್. ನಾಲ್ಕು ಪಂದ್ಯದಲ್ಲಿ ಒಟ್ಟು 32 ಕ್ಯಾಚ್, 355 ಗಜ. ಪ್ರೀತಿ ಕೆಡಿಸಿದ ಆಟ ಜನವರಿಯಲ್ಲಿ ಹೀಗಿರಲು ಸಾಧ್ಯವಿಲ್ಲ. ಮೂವತ್ತು ದಾಟಿದ ದೇಹವನ್ನು ಒಂದು ತಂಡ ಯಾವಾಗ ಖರ್ಚು ಮಾಡಬೇಕು, ಯಾವಾಗ ಉಳಿಸಿಕೊಳ್ಳಬೇಕು ಎಂಬ ಲೆಕ್ಕಾಚಾರ ಅಲ್ಲಿತ್ತು. ಉಳಿಸಿಕೊಂಡ ಆ ವಾರಗಳ ಬೆಲೆ ತೆತ್ತವರು ಫ್ಯಾಂಟಸಿ ಆಡುವವರು. ಅವರ ಸಿಟ್ಟು ಸಹಜ, ಅದರ ಗುರಿ ಮಾತ್ರ ತಪ್ಪು.

ತಪ್ಪು ಕಲ್ಪನೆ: ಕ್ಯಾಚ್ ಸಂಖ್ಯೆ ಇಳಿದಿಲ್ಲ ಎಂದರೆ ಬೆಲೆಯೂ ಇಳಿದಿಲ್ಲ.

ಕೆಲ್ಸಿಯ ಅಭಿಮಾನಿಗಳು ಎಡವುವುದು ಇಲ್ಲಿ. 2024ರಲ್ಲಿ ಅವರು ಹಿಡಿದದ್ದು 97 ಕ್ಯಾಚ್, ಹಿಂದಿನ ವರ್ಷಕ್ಕಿಂತ ನಾಲ್ಕು ಹೆಚ್ಚು. ಆದರೆ ಗಜ 823, ಟಚ್‌ಡೌನ್ ಮೂರೇ ಮೂರು. ಒಂದು ಕ್ಯಾಚಿಗೆ ಎಷ್ಟು ಗಜ ಬಂತೆಂದು ನೋಡುತ್ತ ಬಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ: 2020ರಲ್ಲಿ 13.5, 2022ರಲ್ಲಿ 12.2, 2023ರಲ್ಲಿ 10.6, 2024ರಲ್ಲಿ 8.5. ಚೆಂಡು ಹಿಡಿದ ಮೇಲೆ ಎದುರಾಳಿಯನ್ನು ಹಿಂದಿಕ್ಕಿ ಓಡುವ ಶಕ್ತಿ ಕುಗ್ಗಿದ್ದು ಇದಕ್ಕೊಂದು ಕಾರಣ. ಜೊತೆಗೆ ಚೀಫ್ಸ್‌ನ ವೈಡ್ ರಿಸೀವರ್‌ಗಳಲ್ಲಿ ಮಾರ್ಕ್ವೀಸ್ ಬ್ರೌನ್ ಸೀಸನ್ನಿಗೆ ಮುಂಚೆಯೇ, ರಶೀ ರೈಸ್ ಸೆಪ್ಟೆಂಬರ್ ಕೊನೆಯಲ್ಲಿ ಗಾಯಗೊಂಡರು. ಉದ್ದ ಓಡುವವರು ಇಲ್ಲದಾಗ ರಕ್ಷಣೆಯವರು ಮುಂದೆ ಬಂದು ಕೆಲ್ಸಿಯ ಸುತ್ತ ಗುಂಪಾದರು. ಲೈನ್‌ಬ್ಯಾಕರ್‌ಗಳ ನಡುವಿನ ಸಂದಿಯಲ್ಲಿ ತಿರುಗಿ ನಿಂತು ಆರೇಳು ಗಜದ ಕ್ಯಾಚ್ ಹಿಡಿಯುವುದು ಅವರ ನಿತ್ಯದ ಕೆಲಸವಾಯಿತು. ಚೀಫ್ಸ್‌ಗೆ ಆ ಕ್ಯಾಚ್‌ಗಳು ಚಿನ್ನ: ಚೆಂಡು ತಮ್ಮ ಕೈಯಲ್ಲೇ ಉಳಿಯುತ್ತದೆ, ಗಡಿಯಾರ ಓಡುತ್ತದೆ. ತಂಡ ಆ ವರ್ಷ 15 ಪಂದ್ಯ ಗೆದ್ದು ಎರಡೇ ಸೋತಿತು. ಫ್ಯಾಂಟಸಿಯಲ್ಲಿ ಮಾತ್ರ 97 ಕ್ಯಾಚ್ ಸೇರಿಯೂ ಬಂದದ್ದು 197 ಅಂಕ. ಕ್ಯಾಚಿಗೆ ಅಂಕವಿಲ್ಲದ ಲೀಗಾದರೆ ನೂರು ಮುಟ್ಟಿ ನಿಂತಿತು. ನಂತರದ 2025ರಲ್ಲಿ 76 ಕ್ಯಾಚ್, 851 ಗಜ, 5 ಟಚ್‌ಡೌನ್, 191 ಅಂಕ. ಇಂಥ ಅಂಕಗಳಿಗೆ ನಡುವಿನ ಸುತ್ತುಗಳ ಬೆಲೆ ಸರಿ, ಮೊದಲ ಮೂರು ಸುತ್ತಿನದು ದುಬಾರಿ.

ತಪ್ಪು ಕಲ್ಪನೆ: ಮೂವತ್ತೈದಾದ ಟೈಟ್ ಎಂಡ್ ಫ್ಯಾಂಟಸಿಗೆ ನಿರುಪಯೋಗಿ.

ಇತಿಹಾಸ ಒಂದೇ ಉತ್ತರ ಕೊಡುವುದಿಲ್ಲ. ಇದೇ ಚೀಫ್ಸ್ ತಂಡದಲ್ಲಿ ಬೆಳೆದು 2009ರಲ್ಲಿ ಅಟ್ಲಾಂಟಾಗೆ ಹೋದ ಟೋನಿ ಗೊಂಜಾಲೆಜ್ 2012ರಲ್ಲಿ, 36ರ ವಯಸ್ಸಿನಲ್ಲಿ, 93 ಕ್ಯಾಚ್, 930 ಗಜ, 8 ಟಚ್‌ಡೌನ್ ಗಳಿಸಿದರು: 234 ಅಂಕ. ಮರುವರ್ಷ 217, ಅಲ್ಲಿಗೆ ನಿವೃತ್ತಿ. ಜೇಸನ್ ವಿಟನ್ ಒಂದು ವರ್ಷ ಟಿವಿ ವೀಕ್ಷಕ ವಿವರಣೆಗೆ ಹೋಗಿ 2019ರಲ್ಲಿ ಡಲ್ಲಾಸ್‌ಗೆ ಮರಳಿದಾಗ ಗಳಿಸಿದ್ದು 140ರ ಆಸುಪಾಸು. ಆ್ಯಂಟೋನಿಯೊ ಗೇಟ್ಸ್ 2016ರಲ್ಲಿ 53 ಕ್ಯಾಚ್‌ಗಳಿಗೇ 7 ಟಚ್‌ಡೌನ್ ತಂದರು. ಬಾಸ್ಕೆಟ್‌ಬಾಲ್ ಆಡಿ ಬಂದ ಅವರಿಗೆ ಗೋಲ್ ಗೆರೆಯ ಹತ್ತಿರ ಮೈ ಅಡ್ಡ ಇಟ್ಟು ಜಾಗ ಹಿಡಿಯುವ ಕಲೆ ಕೊನೆಯವರೆಗೂ ಕೈಬಿಡಲಿಲ್ಲ. ವಯಸ್ಸು ಎಲ್ಲರಿಂದಲೂ ಒಂದನ್ನೇ ಕಿತ್ತುಕೊಳ್ಳುವುದಿಲ್ಲ. ಆದ್ದರಿಂದ ಹುಟ್ಟಿದ ವರ್ಷ ನೋಡುವ ಬದಲು ಎರಡು ವಿಷಯ ನೋಡಿ: ಅವನ ಕಡೆಗೆ ಪಂದ್ಯಕ್ಕೆ ಎಷ್ಟು ಎಸೆತ ಬರುತ್ತಿವೆ, ಮತ್ತು ಗೋಲ್ ಗೆರೆ ಹತ್ತಿರವಾದಾಗ ತಂಡ ಅವನನ್ನು ನೆನೆಯುತ್ತದೆಯೇ.

ಆಟಗಾರರನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವ ಡೈನಾಸ್ಟಿ ಲೀಗುಗಳಲ್ಲಿ ಹಿರಿಯ ಟೈಟ್ ಎಂಡ್ ಈ ವರ್ಷವೇ ಗೆಲ್ಲಲು ಹೊರಟ ತಂಡಕ್ಕೆ ಅಗ್ಗದ ಲಾಭ, ಹೊಸದಾಗಿ ಕಟ್ಟುವ ತಂಡಕ್ಕೆ ಮಾರಬೇಕಾದ ಸರಕು. ಇದರಲ್ಲಿ ಹೆಚ್ಚು ವಾದವಿಲ್ಲ.

ಇನ್ನೊಂದು ನಂಬಿಕೆ ಉಳಿದಿದೆ: ಟೈಟ್ ಎಂಡ್ ಕ್ಯಾಚಿಗೆ ಒಂದೂವರೆ ಅಂಕ ಕೊಡುವ ಲೀಗುಗಳಲ್ಲಿ ಕೆಲ್ಸಿಯಂಥ ಸಣ್ಣ ಕ್ಯಾಚ್‌ಗಳ ಹಿರಿಯರು ಮತ್ತೆ ಮೇಲೇರುತ್ತಾರೆ ಎನ್ನುವುದು. 2024ರ ಲೆಕ್ಕವನ್ನೇ ಹಾಕಿ ನೋಡಿ. ಕೆಲ್ಸಿಗೆ 48.5 ಅಂಕ ಹೆಚ್ಚಾಗಿ 246 ಆಗುತ್ತದೆ. ಲಾಸ್ ವೇಗಸ್‌ನ ಬ್ರಾಕ್ ಬವರ್ಸ್ ತಮ್ಮ ಮೊದಲ ಸೀಸನ್ನಿನಲ್ಲೇ 112 ಕ್ಯಾಚ್, 1,194 ಗಜ, 5 ಟಚ್‌ಡೌನ್ ಗಳಿಸಿದ್ದರು. ಅವರಿಗೆ ಸೇರುವುದು 56, ಒಟ್ಟು 317. ಸಾಮಾನ್ಯ ಲೀಗಿನಲ್ಲಿ ಇಬ್ಬರ ನಡುವೆ 64 ಅಂಕಗಳ ಅಂತರವಿದ್ದರೆ ಇಲ್ಲಿ ಅದು ಸುಮಾರು 72. ಹಿರಿಯರಿಗೆ ಅನುಕೂಲವೆಂದು ಹೇಳುವ ಆ ನಿಯಮ ಬವರ್ಸ್ ಅವರನ್ನು ಇನ್ನೂ ಏಳೂವರೆ ಅಂಕ ಮುಂದಕ್ಕೆ ಒಯ್ದಿತು.