ಮನೆಯ ಸಂಗೀತಕ್ಕೆ ಮಂದ್ರದ ಬಲ

ಚಿತ್ರಮಂದಿರದಲ್ಲಿ ಎದೆ ತಟ್ಟಿದ ಹಾಡು ಮನೆಯ ಸ್ಟೀರಿಯೊದಲ್ಲಿ ಬಡಕಲಾಗಿ ಕೇಳಿಸುವುದೇಕೆ? ಗಾಯಕರ ಕಂಠಕ್ಕೆ ಕುಂದಿಲ್ಲ, ಪಿಟೀಲಿಗೆ ಲೋಪವಿಲ್ಲ. ಕೊರತೆಯಿರುವುದು ತಳದ ಸ್ವರಗಳಿಗೆ. ಬೇಸ್ ಗಿಟಾರಿನ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ, ಅಂದರೆ 41 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಪಿಯಾನೋದ ಎಡತುದಿಯ ಸ್ವರದ್ದು 27.5. ಇಂಥ ಮಂದ್ರನಾದಕ್ಕೆ ಬಹಳಷ್ಟು ಗಾಳಿಯನ್ನು ಅಲುಗಿಸಬೇಕು. ಪುಸ್ತಕದ ಕಪಾಟಿನಲ್ಲಿ ಕೂರುವ ಪುಟ್ಟ ಸ್ಪೀಕರಿಗೆ ಆ ಶಕ್ತಿ ಎಲ್ಲಿಯದು? ಅದಕ್ಕಾಗಿಯೇ ಸಬ್‌ವೂಫರ್ ಎಂಬ ಮೂರನೆಯ ಪೆಟ್ಟಿಗೆ.

ಅದನ್ನು ಕೊಂಡು ತರುವುದು ಸುಲಭ. ಜೋಡಿಸುವುದರಲ್ಲಿ ಎಚ್ಚರ ಬೇಕು. ಸ್ವಂತ ಆಂಪ್ಲಿಫೈಯರ್ ಇಲ್ಲದ ಸಬ್‌ವೂಫರನ್ನು ಸ್ಪೀಕರಿನ ತಂತಿಗೇ ಸೇರಿಸಿಬಿಡುವುದು ಅಪಾಯಕರ. 8 ಓಮಿನ ಸ್ಪೀಕರಿಗೆ ಸಮಾಂತರವಾಗಿ 8 ಓಮಿನ ಇನ್ನೊಂದು ಸೇರಿದರೆ ರೋಧವು 4 ಓಮಿಗೆ ಇಳಿಯುತ್ತದೆ. ಆಂಪ್ಲಿಫೈಯರ್ ಇಮ್ಮಡಿ ವಿದ್ಯುತ್ತನ್ನು ಹರಿಸಬೇಕಾಗುತ್ತದೆ. ಅದಕ್ಕೆ ಸಿದ್ಧವಲ್ಲದ ಯಂತ್ರ ಕಾದು ಸುಟ್ಟುಹೋಗಬಹುದು. ಮಂದ್ರದ ಆಸೆಗೆ ಇದ್ದ ಸಂಗೀತವನ್ನೂ ಕಳೆದುಕೊಂಡಂತಾದೀತು!

ಆದುದರಿಂದ ಸ್ವಂತ ಆಂಪ್ಲಿಫೈಯರ್ ಉಳ್ಳ ಸಬ್‌ವೂಫರೇ ಗೃಹಸ್ಥರಿಗೆ ಕ್ಷೇಮ. ಮೊದಲು ಎರಡೂ ಯಂತ್ರಗಳ ಪ್ಲಗ್ಗನ್ನು ಕಿತ್ತಿಡಿರಿ. ಆಂಪ್ಲಿಫೈಯರಿನ ಬೆನ್ನಿನಲ್ಲಿ ‘ಸಬ್ ಔಟ್’ ಅಥವಾ ‘ಪ್ರೀ ಔಟ್’ ಇದ್ದರೆ ಅಲ್ಲಿಂದ ಆರ್‌ಸಿಎ ತಂತಿಯನ್ನು ಸಬ್‌ವೂಫರಿನ ‘ಲೈನ್ ಇನ್’ಗೆ ಸೇರಿಸಿರಿ. ಇಲ್ಲದಿದ್ದರೂ ನಿರಾಶೆ ಬೇಡ. ಹಲವು ಸಬ್‌ವೂಫರುಗಳಲ್ಲಿ ‘ಹೈ ಲೆವೆಲ್’ ಎಂಬ ದ್ವಾರವುಂಟು. ಸ್ಪೀಕರಿನ ತಂತಿ ಬಿಗಿಯುವ ತಿರುಪುಗಳಿಂದಲೇ ಇನ್ನೊಂದು ಜೊತೆ ತಂತಿಯನ್ನು ಎಳೆದು ಅಲ್ಲಿಗೆ ಕೊಡಬಹುದು. ಆ ದ್ವಾರದ ರೋಧ ಬಹಳ ಹೆಚ್ಚು, ಆಂಪ್ಲಿಫೈಯರಿಗೆ ಭಾರವೆನಿಸದು. ಕೆಲವು ಹೊಸ ಆಂಪ್ಲಿಫೈಯರುಗಳಲ್ಲಿ ಈ ಜೋಡಣೆಯ ಕ್ರಮವೇ ಬೇರೆ. ಕೈಪಿಡಿಯನ್ನು ನೋಡದೆ ಕೈಹಚ್ಚಬಾರದು.

ಇನ್ನು ಶ್ರುತಿ ಕೂಡಿಸುವ ಕೆಲಸ. ‘ಕ್ರಾಸ್‌ಓವರ್’ ಗುಂಡಿಯನ್ನು 80 ಹರ್ಟ್ಸ್‌ನ ಆಸುಪಾಸಿನಲ್ಲಿಟ್ಟು, ಧ್ವನಿಯನ್ನು ತಗ್ಗಿನಿಂದ ಮೆಲ್ಲನೆ ಏರಿಸಿರಿ. ‘ಫೇಸ್’ ಸ್ವಿಚ್ಚಿನ ಎರಡು ನೆಲೆಗಳಲ್ಲಿ ಯಾವುದರಲ್ಲಿ ನಾದ ತುಂಬಿ ಬರುವುದೋ ಅದೇ ಸರಿ.

ಸ್ಥಳವೂ ಮುಖ್ಯ. 40 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 28 ಅಡಿ. ನಮ್ಮ ನಡುಮನೆಗಳಿಗಿಂತ ಹೆಚ್ಚು! ಗೋಡೆಗಳಿಗೆ ತಾಗಿ ಮರಳುವ ಈ ಅಲೆ ಮೂಲೆಯಲ್ಲಿ ಉಬ್ಬುತ್ತದೆ, ನಡುವೆ ಎಲ್ಲೋ ಅಡಗುತ್ತದೆ. ಪೆಟ್ಟಿಗೆಯನ್ನು ನೀವು ಕೂರುವ ಜಾಗದಲ್ಲಿಟ್ಟು ಹಾಡು ಹಾಕಿ, ಗೋಡೆಯುದ್ದಕ್ಕೂ ಬಗ್ಗಿ ನಡೆದು ಕೇಳಿರಿ. ಮಂದ್ರವು ಹದವಾಗಿ ಕೇಳಿಸಿದಲ್ಲಿ ಅದನ್ನು ಸ್ಥಾಪಿಸಿರಿ.

ಗುಮ್ಮೆನ್ನುವ ಸದ್ದೇ ಮಂದ್ರವಲ್ಲ. ಪೆಟ್ಟಿಗೆ ಇರುವುದೇ ಮರೆತುಹೋಗಿ, ಆರಿಸಿದಾಗ ಮಾತ್ರ ಏನೋ ಕಳೆದಂತೆ ತೋರಿದರೆ ಜೋಡಣೆ ಸರಿಯಾಯಿತೆಂದು ತಿಳಿಯಿರಿ. ಪಕ್ಕದ ಮನೆಯವರೂ ನಿಮ್ಮನ್ನು ಹರಸಿಯಾರು.